ಜನರೇಟರ್ ಓಡಿತು, ಕರೆಂಟು ಬರಲಿಲ್ಲ

ಜನರೇಟರ್ ವಿಷಯದಲ್ಲಿ ನನಗೆ ಇದ್ದದ್ದು ಒಂದೇ ತಿಳಿವಳಿಕೆ. ಹಗ್ಗ ಎಳೆದು ಅದನ್ನು ಶುರು ಮಾಡುವುದು ಮನುಷ್ಯನ ಕೆಲಸ. ಶುರುವಾದ ಮೇಲೆ ಕರೆಂಟು ಕೊಡುವುದು ಅದರ ಕೆಲಸ. ನನ್ನ ಪಾಲಿನ ಕೆಲಸವನ್ನು ನಾನು ಚಾಚೂ ತಪ್ಪದೆ ಮಾಡಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಡೆದದ್ದರ ಬಗ್ಗೆ ನಮ್ಮ ಬೀದಿಯಲ್ಲಿ ಈಗಲೂ ಮಾತು ನಿಂತಿಲ್ಲ. ಅದನ್ನು ಇನ್ನೊಮ್ಮೆ ಹೇಳುವುದೆಂದರೆ ನನಗೆ ಆಯಾಸ. ಆದರೂ ಬೇರೆಯವರ ಬಾಯಿಂದ ನೀವು ಕೇಳುವುದಕ್ಕಿಂತ ನಾನೇ ಹೇಳುವುದು ಮೇಲು.

ನಾನು ಎಚ್.ಡಿ. ಕೋಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನು. ಸರಗೂರು, ಅಂತರಸಂತೆ ಕಡೆಯ ಮದುವೆಗಳಿಗೆ ಫೋಟೋ, ವಿಡಿಯೋ ಎರಡನ್ನೂ ಮಾಡಿಕೊಡುತ್ತೇನೆ. ಹಿಂದೆಲ್ಲ ಹಳ್ಳಿಯ ಮದುವೆಗಳಲ್ಲಿ ಸರಿಯಾಗಿ ಧಾರೆಯ ಹೊತ್ತಿಗೆ ಕರೆಂಟು ಹೋಗುತ್ತಿತ್ತು. ಹೆಣ್ಣಿನ ಅಪ್ಪ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ಆ ನೋಟ ತಡೆಯಲಾರದೆ ಒಂದು ಸಣ್ಣ ಜನರೇಟರ್ ತಂದಿದ್ದೆ. ಕೈಯಲ್ಲೇ ಎತ್ತಿಕೊಂಡು ಹೋಗಬಹುದು ಎಂದು ಅಂಗಡಿಯವನು ಹೇಳಿದ್ದ. ನಾಲ್ಕು ಕೈ ಬೇಕು ಎಂದು ಹೇಳಿರಲಿಲ್ಲ. ಆಮೇಲೆ ಬ್ಯಾಟರಿ ದೀಪಗಳು ಬಂದವು, ಜನರೇಟರ್ ಹಿತ್ತಿಲಿನ ಶೀಟಿನ ಮನೆಗೆ ನಿವೃತ್ತಿಯಾಯಿತು. ಅದರ ಮೇಲೆ ಯಾರದೋ ಮದುವೆಯ ಹಳೆಯ ಫ್ಲೆಕ್ಸ್ ಹೊದಿಸಿದ್ದೆ. ಸೌದೆ ತರಲು ಹೋದಾಗಲೆಲ್ಲ ವಧೂವರರು ನನ್ನನ್ನು ನೋಡಿ ನಗುತ್ತಿದ್ದರು.

ನನ್ನ ಹೆಂಡತಿ ಸುಮಿತ್ರಾ ನನ್ನ ಹಾಗಲ್ಲ. ಅವಳು ಹಿಡಿದ ಕೆಲಸ ಮುಗಿಯುತ್ತದೆ. ಮಹಿಳಾ ಸಂಘದಿಂದ ಮೊಟ್ಟೆ ಮರಿ ಮಾಡುವ ಪೆಟ್ಟಿಗೆಯೊಂದನ್ನು ತಂದು ನಮ್ಮ ಹಿಂದಿನ ಕೋಣೆಯಲ್ಲಿ ಇಟ್ಟಿದ್ದಳು. ಥರ್ಮೋಕೋಲಿನ ಗೋಡೆ, ಒಳಗೆ ಬಲ್ಬು, ಒಂದು ಪುಟ್ಟ ಫ್ಯಾನು, ಕಾವು ಎಷ್ಟಿದೆ ಎಂದು ಕೆಂಪು ಅಂಕಿಯಲ್ಲಿ ತೋರಿಸುವ ಒಂದು ಸಣ್ಣ ಡಬ್ಬಿ. ಬೀದಿಯ ಹೆಂಗಸರೆಲ್ಲ ತಮ್ಮ ನಾಟಿ ಕೋಳಿಯ ಮೊಟ್ಟೆಗಳನ್ನು ಅದರಲ್ಲಿ ಇಟ್ಟಿದ್ದರು. ಪ್ರತಿ ಮೊಟ್ಟೆಯ ಮೇಲೂ ಪೆನ್ಸಿಲಿನಲ್ಲಿ ಒಡತಿಯ ಹೆಸರಿನ ಮೊದಲ ಅಕ್ಷರ. ಮೂರು ವಾರ ಕಾವು ಕೊಟ್ಟರೆ ಮರಿ. ಕೊನೆಯ ಮೂರು ದಿನ ಮಾತ್ರ ಯಾವ ಕಾರಣಕ್ಕೂ ಮುಚ್ಚಳ ತೆಗೆಯಬಾರದು, ಒಳಗಿನ ತೇವ ಹೋಗಿಬಿಡುತ್ತದೆ. ಅದನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಳೆಂದರೆ, ಆ ಕೋಣೆಯ ಬಾಗಿಲು ತೆಗೆಯುವಾಗಲೂ ನಾನು ಉಸಿರು ಹಿಡಿಯುತ್ತಿದ್ದೆ.

ಮಾರನೆಯ ದಿನ ಮರಿ ಹೊರಬರಬೇಕು ಎನ್ನುವಾಗ ಆಷಾಢದ ಗಾಳಿ ಎದ್ದಿತು. ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದ ಹಾಗೆಯೇ ಕರೆಂಟು ಹೋಯಿತು. ನನಗೆ ಪರಿಚಯದ ಲೈನ್‌ಮನ್‌ಗೆ ಫೋನ್ ಮಾಡಿದೆ.

"ಹ್ಯಾಂಡ್‌ಪೋಸ್ಟ್ ಸರ್ಕಲ್ ತಾವ ಮರ ಬಿದ್ದು ಕಂಬನೇ ಮುರ್ದೋಗದೆ ಸಾರ್. ಸಂಜೆ ಮೇಲೆ ನೋಡವ" ಎಂದ.

ಸುಮಿತ್ರಾ ಕೋಣೆಯಿಂದ ಬಂದು ಬಾಗಿಲಲ್ಲಿ ನಿಂತಳು. "ಏನ್ರೀ, ಆ ನಿಮ್ಮ ಮಿಷಿನ್ ಓಡ್ತದಾ?"

"ಐದು ನಿಮಿಷ" ಎಂದೆ.

"ಆಗ್ದಿದ್ರೆ ಈಗ್ಲೇ ಹೇಳ್ಬುಡಿ. ನಾನು ಬೇರೆ ಏನಾರ ನೋಡ್ತೀನಿ. ಊರವರ ಮೊಟ್ಟೆ ಕಣ್ರೀ ಇವು."

"ಎಷ್ಟು ಮದುವೆಗೆ ಬೆಳಕು ಕೊಟ್ಟ ಮಿಷಿನ್ ಅದು. ನಾಕು ಮೊಟ್ಟೆಗೆ ಕಾವು ಕೊಡಲ್ವಾ? ನೀನು ಸುಮ್ನೆ ಕೂತ್ಕೊ."

ಈ ಮಾತನ್ನು ಹೇಳಿದಾಗ ನನ್ನ ಮುಖದಲ್ಲಿ ಒಂದು ಮುಗುಳ್ನಗೆಯೂ ಇತ್ತು ಎಂದು ಅವಳು ಆಮೇಲೆ ಹೇಳಿದ್ದಾಳೆ. ಇದ್ದಿರಬೇಕು.

ಫ್ಲೆಕ್ಸ್ ಸರಿಸಿ ಜನರೇಟರನ್ನು ಹಿತ್ತಿಲಿನ ಬೆಳಕಿಗೆ ಎಳೆದೆ. ಹಳೆಯ ಪೆಟ್ರೋಲ್ ಬಸಿದು ಬೈಕಿನಿಂದ ಹೊಸ ಪೆಟ್ರೋಲ್ ತೆಗೆದು ಹಾಕಿದೆ. ಹಗ್ಗ ಹಿಡಿದು ಎಳೆದೆ. ಅದು ಗೊರಕೆಯಂಥ ಒಂದು ಸದ್ದು ಮಾಡಿ ಮತ್ತೆ ಮಲಗಿತು. ಮತ್ತೆ ಎಳೆದೆ. ಎಷ್ಟು ಸಲ ಎಳೆದೆನೋ ಲೆಕ್ಕವಿಲ್ಲ, ಬಲಗೈ ಸೋತು ಎಡಗೈಗೆ ಬದಲಾಯಿಸಿ, ಎಡಗೈ ಸೋತು ಎರಡೂ ಕೈ ಸೇರಿಸಿ, ಒಂದು ಕಾಲನ್ನು ಅದರ ಮೈಗೆ ಒತ್ತಿ ಎಳೆಯುವ ಹೊತ್ತಿಗೆ ಒಮ್ಮೆಲೇ ಕಪ್ಪು ಹೊಗೆ ಬಿಟ್ಟು ಓಡತೊಡಗಿತು. ನಾನು ಹಿಂದಕ್ಕೆ ಬಿದ್ದೆ. ಬಿದ್ದಲ್ಲೇ ಕೂತು ಕೇಳಿದೆ. ಅಷ್ಟು ಚೆಂದದ ಸದ್ದು ಬಹಳ ದಿನದಿಂದ ಕೇಳಿರಲಿಲ್ಲ.

ವೈರ್ ಎಳೆದು ಒಂದು ಬಲ್ಬು ಸಿಕ್ಕಿಸಿದೆ. ಹತ್ತಲಿಲ್ಲ.

ಬಲ್ಬು ಕೆಟ್ಟಿರಬೇಕು ಎಂದು ಬೇರೆ ಬಲ್ಬು ಹಾಕಿದೆ. ಹತ್ತಲಿಲ್ಲ. ವೈರ್ ಕೆಟ್ಟಿರಬೇಕು ಎಂದು ಬೇರೆ ವೈರ್ ತಂದೆ. ಜನರೇಟರಿಗೆ ಎರಡು ಪ್ಲಗ್ ಜಾಗವಿತ್ತು, ಇನ್ನೊಂದಕ್ಕೆ ಚುಚ್ಚಿದೆ. ಅದರ ಸ್ವಿಚ್ಚನ್ನು ಕೆಳಗೆ ಮೇಲೆ ಮಾಡಿದೆ. ಇಂಜಿನ್ ಮಾತ್ರ ತನಗೂ ಈ ವಿಷಯಕ್ಕೂ ಸಂಬಂಧವೇ ಇಲ್ಲ ಎಂಬಂತೆ ಉತ್ಸಾಹದಿಂದ ಓಡುತ್ತಲೇ ಇತ್ತು. ಸರ್ಕಾರಿ ಕಚೇರಿಯಲ್ಲಿ ಕೆಲವರು ಹೀಗೆ ಇರುತ್ತಾರೆ, ಇಡೀ ದಿನ ಓಡಾಟ, ಸಂಜೆಗೆ ಕೆಲಸ ಆಗಿರುವುದಿಲ್ಲ.

ಆ ಸದ್ದಿಗೆ ಪಕ್ಕದ ಮನೆಯ ರಜಾಕ್ ಭಾಯ್ ಬಂದರು. ಸೋಫಾಗೆ ಬಟ್ಟೆ ಹೊಲಿದು ಕೂರಿಸುವ ಕೆಲಸ ಅವರದು. ಕರೆಂಟಿಲ್ಲದೆ ಹೊಲಿಗೆ ಮಿಷಿನ್ ನಿಂತಿತ್ತು, ಹಾಗಾಗಿ ಬಿಡುವಿತ್ತು. ಜನರೇಟರ್ ಬಗ್ಗೆ ಅವರಿಗೂ ನನ್ನಷ್ಟೇ ಗೊತ್ತು. ಆದರೆ ತಮಗೆ ಏನೂ ಗೊತ್ತಿಲ್ಲ ಎಂಬುದು ನನ್ನ ಹಾಗೆಯೇ ಅವರಿಗೂ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತು ಕೈಕಟ್ಟಿ ನೋಡಿ, "ಸ್ವಾಮಣ್ಣ, ಇದು ಒಳಗಿನ ಪ್ರಾಬ್ಲಂ" ಎಂದರು.

"ನನಗೂ ಹಂಗೇ ಅನ್ನಿಸ್ತು ಭಾಯ್."

ಇಬ್ಬರು ಒಂದೇ ಅಭಿಪ್ರಾಯಕ್ಕೆ ಬಂದ ಮೇಲೆ ತಡ ಮಾಡುವುದು ಸರಿಯಲ್ಲ. ಒಳಗೆ ಕೂಗಿದೆ. "ಸುಮಿತ್ರಾ, ಆ ಸ್ಕ್ರೂಡ್ರೈವರ್ ಕೊಡು."

ಅವಳು ತಂದು ಕೊಟ್ಟಳು. ಕೊಡುವಾಗ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಒಳಗೆ ಹೋದಳು. ಭರವಸೆಯಿಂದ ಹೋದಳು ಎಂದು ನಾನು ತಿಳಿದೆ.

ಇಂಜಿನ್ ನಿಲ್ಲಿಸಿ ಹಿಂದಿನ ಮುಚ್ಚಳ ಬಿಚ್ಚಿದೆ. ಒಳಗೆ ಬಣ್ಣ ಬಣ್ಣದ ವೈರುಗಳು ಒಂದರ ಮೇಲೊಂದು ಮಲಗಿದ್ದವು. ನಾನು ಅವಸರದ ಮನುಷ್ಯನಲ್ಲ. ಯಾವ ವೈರ್ ಎಲ್ಲಿತ್ತು ಎಂದು ಆಮೇಲೆ ಗೊತ್ತಾಗಬೇಕಲ್ಲ, ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ರಜಾಕ್ ಭಾಯ್ ಮೆಚ್ಚಿ ತಲೆದೂಗಿದರು. ಆಮೇಲೆ ಇಬ್ಬರೂ ಸೇರಿ ಒಂದೊಂದೇ ವೈರ್ ಬಿಚ್ಚಿ, ತುದಿಯನ್ನು ಮರಳು ಕಾಗದದಲ್ಲಿ ಉಜ್ಜಿ, ಬಾಯಿಂದ ಊದಿ ಒರೆಸಿದೆವು. ಇಲಿ ಕಟ್ಟಿದ್ದ ಒಂದು ಗೂಡನ್ನೂ ತೆಗೆದೆವು. ಅಷ್ಟು ಕೊಳೆ ಹೊರಬಂದ ಮೇಲೆ ಕರೆಂಟು ಬಾರದೆ ಇರಲು ಕಾರಣವೇ ಇರಲಿಲ್ಲ.

ವಾಪಸು ಜೋಡಿಸಲು ಮೊಬೈಲ್ ತೆಗೆದೆ. ಫೋಟೋ ನೋಡಿದೆ. ರಜಾಕ್ ಭಾಯ್ ಕೂಡ ಬಗ್ಗಿ ನೋಡಿದರು.

ಇಷ್ಟು ವರ್ಷ ಮದುಮಕ್ಕಳ ಮುಖ ತೆಗೆದ ಕೈ ಅದು. ಮುಂದೆ ಇದ್ದ ಒಂದು ಸ್ಕ್ರೂ ಮಾತ್ರ ಕನ್ನಡಿಯ ಹಾಗೆ ಸ್ಪಷ್ಟವಾಗಿತ್ತು, ಅದರ ಮೇಲೆ ಬೆಳಕು ಎಷ್ಟು ಚೆನ್ನಾಗಿ ಬಿದ್ದಿತ್ತು ಎಂದರೆ ಫ್ರೇಮ್ ಹಾಕಿಸಬಹುದಿತ್ತು. ಹಿಂದಿದ್ದ ವೈರುಗಳೆಲ್ಲ ಮಂಜಿನಲ್ಲಿ ಕರಗಿದ ಹೂವಿನ ಹಾಗೆ ಮಸುಕಾಗಿದ್ದವು. ಅಭ್ಯಾಸಬಲದಿಂದ ಹಿನ್ನೆಲೆ ಮಸುಕು ಮಾಡುವ ಗುಂಡಿ ಒತ್ತಿದ್ದೆ.

"ಫೋಟೋ ಸೂಪರಾಗಿ ಬಂದದೆ ಅಣ್ಣ" ಎಂದರು ರಜಾಕ್ ಭಾಯ್. ಮನುಷ್ಯ ಒಳ್ಳೆಯವರು.

ನೆನಪು ಮತ್ತು ಅಂದಾಜು ಎರಡನ್ನೂ ಸೇರಿಸಿ ಜೋಡಿಸಿದೆವು. ಕೆಂಪು ವೈರ್ ಹಳದಿಯ ಪಕ್ಕ ಇತ್ತು ಎಂದು ಅವರು, ನೀಲಿಯ ಪಕ್ಕ ಇತ್ತು ಎಂದು ನಾನು. ಕೊನೆಗೆ ಯಾವ ವೈರ್ ಯಾವ ತುದಿಗೆ ಎಳೆಯದೆ ತಾನಾಗಿ ಮುಟ್ಟುತ್ತದೋ ಅದೇ ಅದರ ಜಾಗ ಎಂದು ತೀರ್ಮಾನಿಸಿದೆವು. ಆಶ್ಚರ್ಯವೆಂದರೆ ಅದು ಸರಿಯಾಗಿಯೇ ಇತ್ತು. ಆ ದಿನ ನಮಗೆ ಸರಿಯಾದದ್ದು ಅದೊಂದೇ.

ಮತ್ತೆ ಹಗ್ಗ, ಮತ್ತೆ ಹೊಗೆ. ಇಂಜಿನ್ ಓಡಿತು, ಬಲ್ಬು ಹತ್ತಲಿಲ್ಲ.

"ಸ್ಪೀಡು ಸಾಲ್ದು" ಎಂದರು ರಜಾಕ್ ಭಾಯ್. "ಸೈಕಲ್ ಡೈನಮೋ ನೋಡಿಲ್ವಾ? ಮೆಲ್ಲಗೆ ತುಳಿದ್ರೆ ಲೈಟು ಮಂಕು. ಜೋರಾಗಿ ತುಳಿದ್ರೆ ಜಗ್ ಅಂತದೆ."

ಇಂಜಿನ್ನಿನ ಪಕ್ಕದಲ್ಲಿ ವೇಗ ಹೆಚ್ಚು ಕಡಿಮೆ ಮಾಡುವ ಒಂದು ಸ್ಕ್ರೂ ಇತ್ತು. ಅದನ್ನು ಅರ್ಧ ಸುತ್ತು ತಿರುಗಿಸಿದೆ. ಸದ್ದು ಏರಿತು, ಕರೆಂಟು ಇಲ್ಲ. ಇನ್ನೂ ಒಂದು ಸುತ್ತು. ಶೀಟಿನ ಮನೆಯ ಶೀಟುಗಳು ಗಡಗಡ ಅದುರಿದವು. ಜನರೇಟರ್ ನಿಂತ ಜಾಗದಿಂದ ತಾನಾಗಿ ಕುಣಿಯುತ್ತ ಬಚ್ಚಲ ಕಡೆಗೆ ಹೊರಟಿತು. ಇಬ್ಬರೂ ಹಿಡಿದು ನಿಲ್ಲಿಸಿದೆವು. ಕರೆಂಟು ಆಗಲೂ ಇಲ್ಲ. ಸ್ಕ್ರೂ ಹಾಗೆಯೇ ಬಿಟ್ಟು ಇಂಜಿನ್ ನಿಲ್ಲಿಸಿದೆ. ಅದನ್ನು ಮೊದಲಿದ್ದ ಜಾಗಕ್ಕೆ ತಿರುಗಿಸಬೇಕು ಎಂಬ ಯೋಚನೆ ಇಬ್ಬರಲ್ಲಿ ಒಬ್ಬರಿಗೂ ಬರಲಿಲ್ಲ.

ಅಷ್ಟರಲ್ಲಿ ಇನ್ನೊಂದು ತೊಂದರೆ ಶುರುವಾಯಿತು. ಜನರೇಟರಿನ ಸದ್ದು ಕೇಳಿದ ಬೀದಿಯವರು ನಮ್ಮ ಮನೆಯಲ್ಲಿ ಕರೆಂಟಿದೆ ಎಂದುಕೊಂಡರು. ಒಬ್ಬೊಬ್ಬರಾಗಿ ಫೋನು, ಚಾರ್ಜರು ಹಿಡಿದು ಹಿತ್ತಿಲಿಗೆ ಬಂದರು. ಎದುರು ಮನೆಯ ಪುಟ್ಟತಾಯಮ್ಮ ಮಿಕ್ಸಿಯನ್ನೇ ಸೊಂಟದ ಮೇಲೆ ಇಟ್ಟುಕೊಂಡು ಬಂದಿದ್ದರು. ಇನ್ನೊಂದು ಕೈಯಲ್ಲಿ ನೆನೆದ ಅಕ್ಕಿಯ ಪಾತ್ರೆ.

"ನಮ್ಮ ಬೀಗರು ಬಂದವ್ರೆ ಕಣಪ್ಪ. ದೋಸೆಗೆ ಒಂದೇ ಒಂದು ಸುತ್ತು ಆಡಿಸ್ಕೊಂಡು ಹೊಂಟೋಯ್ತೀನಿ."

"ಇನ್ನೂ ಕರೆಂಟು ಬಂದಿಲ್ಲ ಪುಟ್ಟತಾಯಮ್ಮ."

"ಮತ್ತೆ ಅಷ್ಟೊಂದು ಸದ್ದು ಬತ್ತಾ ಇತ್ತು?"

"ಸದ್ದು ಮಾತ್ರ ಬರ್ತಾ ಅದೆ."

ಅವರು ನನ್ನನ್ನೂ ಜನರೇಟರನ್ನೂ ನೋಡಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. "ಆಗ್ಲಿ ಬುಡು, ಕಾಯ್ತೀನಿ. ನೀನು ಮಾಡು" ಎಂದರು. ಉಳಿದವರು ಕೂಡ ಅಲ್ಲಲ್ಲಿ ಕೂತರು. ಮದುವೆ ಮನೆಯಲ್ಲಿ ಜನ ನನ್ನ ಕ್ಯಾಮರಾ ಮುಂದೆ ನಿಂತಾಗ ಅವರನ್ನು ನಗಿಸುವುದು ಹೇಗೆಂದು ನನಗೆ ಗೊತ್ತು. ಇಲ್ಲಿ ಯಾರನ್ನೂ ನಗಿಸಬೇಕಾಗಿರಲಿಲ್ಲ, ಅವರೇ ಶುರು ಮಾಡಿದ್ದರು.

ರಜಾಕ್ ಭಾಯ್ ತಮ್ಮ ಮೊಬೈಲಿನಲ್ಲಿ ಹುಡುಕಿ ಒಂದು ವಿಡಿಯೋ ತೆಗೆದರು. ಸಿಗ್ನಲ್ ಸಿಗುವುದು ನೀರಿನ ತೊಟ್ಟಿಯ ಹತ್ತಿರ ಮಾತ್ರ, ಇಬ್ಬರೂ ಅಲ್ಲಿ ತಲೆಗೆ ತಲೆ ತಾಗಿಸಿ ನೋಡಿದೆವು. ಎಲ್ಲೋ ಉತ್ತರದ ಕಡೆಯ ಒಬ್ಬ ಮೆಕ್ಯಾನಿಕ್ ಹಿಂದಿಯಲ್ಲಿ ಬಹಳ ವೇಗವಾಗಿ ಹೇಳುತ್ತಿದ್ದ. ರಜಾಕ್ ಭಾಯ್ ನನಗೆ ತಿಳಿಸಿ ಹೇಳಿದರು.

"ಇದ್ರೊಳಗೆ ಒಂದು ಚೂರು ಮ್ಯಾಗ್ನೆಟ್ ಶಕ್ತಿ ಉಳ್ಕೊಂಡಿರ್ಬೇಕಂತೆ ಅಣ್ಣ. ಬಾಳ ದಿನ ಓಡಿಸ್ದೆ ಮೂಲೇಲಿ ಇಟ್ರೆ ಅದು ಹೊಂಟೋಯ್ತದಂತೆ. ಆಮೇಲೆ ಇಂಜಿನ್ ಎಷ್ಟು ಓಡಿದ್ರೂ ಕರೆಂಟ್ ಕೊಡೋದು ಹೆಂಗೆ ಅಂತ ಅದಕ್ಕೆ ನೆನಪೇ ಇರಲ್ವಂತೆ."

"ನೆನಪಿರಲ್ಲ ಅಂತ ಅವನು ಹೇಳಿದ್ನಾ?"

"ಅದು ನಾನು ಸೇರಿಸ್ದೆ. ನಿಮಗೆ ತಿಳೀಲಿ ಅಂತ."

ನನಗೆ ಚೆನ್ನಾಗಿಯೇ ತಿಳಿಯಿತು. ಬಹಳ ದಿನ ಕೆಲಸವಿಲ್ಲದೆ ಮೂಲೆಯಲ್ಲಿ ಕೂತವರಿಗೆ ಹಾಗಾಗುವುದು ಸಹಜ. ಮೊದಲ ಸಲ ಆ ಜನರೇಟರಿನ ಮೇಲೆ ಕನಿಕರ ಬಂತು.

ಅದಕ್ಕೆ ಮೆಕ್ಯಾನಿಕ್ ಹೇಳಿದ ಮದ್ದು ವಿಚಿತ್ರವಾಗಿತ್ತು. ಒಂದು ಡ್ರಿಲ್ಲಿಂಗ್ ಮಿಷಿನ್ನನ್ನು ಜನರೇಟರಿಗೆ ಸಿಕ್ಕಿಸಬೇಕು. ಇಂಜಿನ್ ಓಡುತ್ತಿರುವಾಗ ಡ್ರಿಲ್ಲಿನ ಗುಂಡಿ ಒತ್ತಿ ಹಿಡಿದು, ಅದರ ಮೂತಿಯನ್ನು ಕೈಯಿಂದ ಉಲ್ಟಾ ತಿರುಗಿಸಬೇಕು. ಆಗ ಡ್ರಿಲ್ಲೇ ಒಂದು ಚೂರು ಕರೆಂಟು ಹುಟ್ಟಿಸಿ ಜನರೇಟರಿಗೆ ಕೊಡುತ್ತದೆ, ಅದಕ್ಕೆ ಹಳೆಯದು ಜ್ಞಾಪಕ ಬರುತ್ತದೆ. ರಜಾಕ್ ಭಾಯ್ ಡ್ರಿಲ್ ತರಲು ಮನೆಗೆ ಹೋದರು. ಡ್ರಿಲ್ ತರುವುದಕ್ಕೆ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡರು. ಬಂದಾಗ ಅವರ ಮುಖ ಬೇರೆ ಥರ ಇತ್ತು, ಆದರೆ ನಾನು ಹಗ್ಗ ಎಳೆಯುವುದರಲ್ಲಿದ್ದೆ.

ಇಂಜಿನ್ ಅಬ್ಬರಿಸಿತು. ನಾನು ಡ್ರಿಲ್ಲಿನ ಗುಂಡಿ ಒತ್ತಿ ಹಿಡಿದೆ, ರಜಾಕ್ ಭಾಯ್ ಮೂತಿ ತಿರುಗಿಸಿದರು. ಬಚ್ಚಲೊಲೆಯ ಮುಂದೆ ಇಬ್ಬರು ವಯಸ್ಸಾದ ಗಂಡಸರು ಕರೆಂಟಿಲ್ಲದ ಡ್ರಿಲ್ಲನ್ನು ಕೈಯಲ್ಲಿ ತಿರುಗಿಸುತ್ತ ಕೂತದ್ದನ್ನು ಬೀದಿಯ ಜನ ನೋಡುತ್ತಿದ್ದರು.

"ಅದ್ಯಾಕಪ್ಪ ಅಂಗೆ ತಿರುವ್ತೀರಿ?" ಎಂದು ಪುಟ್ಟತಾಯಮ್ಮ ಕೇಳಿದರು.

"ಕರೆಂಟು ಕೊಡ್ತಾ ಇದೀವಿ."

"ಯಾರಿಗೆ?"

"ಜನರೇಟರಿಗೆ."

ಅವರು ಪಕ್ಕದಲ್ಲಿದ್ದವರ ಕಡೆ ತಿರುಗಿ ಹಣೆ ಮುಟ್ಟಿಕೊಂಡರು.

ರಜಾಕ್ ಭಾಯ್ ಇನ್ನೊಮ್ಮೆ ಜೋರಾಗಿ ತಿರುವಿ ಕೈ ತೆಗೆದರು. ಡ್ರಿಲ್ ನನ್ನ ಕೈಯಲ್ಲಿ ಒಮ್ಮೆಲೇ ಜೀವ ಬಂದು ಗರ್ರನೆ ತಿರುಗಿತು. ನನ್ನ ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಹಿಡಿದುಕೊಂಡಿತು. ಟವೆಲ್ ಸರಸರನೆ ಸುತ್ತಿಕೊಂಡು ನನ್ನ ಕಡೆಗೇ ಏರಿ ಬಂತು. ಗುಂಡಿ ಬಿಟ್ಟೆ, ಕುತ್ತಿಗೆ ಉಳಿಯಿತು. ಜನ ಚಪ್ಪಾಳೆ ತಟ್ಟಿದರು. ಕರೆಂಟು ಬಂದಿತ್ತು.

"ನನ್ ಡ್ರಿಲ್ಲು ಇಷ್ಟು ಜೋರಾಗಿ ಯಾವತ್ತೂ ಓಡಿಲ್ಲ ಅಣ್ಣ" ಎಂದರು ರಜಾಕ್ ಭಾಯ್.

ಅದನ್ನು ನಾನು ಹೊಗಳಿಕೆ ಎಂದು ಸ್ವೀಕರಿಸಿದೆ. ಎಚ್ಚರಿಕೆ ಎಂದು ತಿಳಿಯಬೇಕಾಗಿತ್ತು. ಇಂಜಿನ್ನಿನ ವೇಗದ ಸ್ಕ್ರೂ ನಾವು ತಿರುಗಿಸಿಟ್ಟಲ್ಲಿಯೇ ಇತ್ತು. ಜನರೇಟರ್ ಈಗ ಎರಡು ಮನೆಗಾಗುವಷ್ಟು ಜೋರಿನ ಕರೆಂಟನ್ನು ಒಂದೇ ವೈರಿನಲ್ಲಿ ತಳ್ಳುತ್ತಿತ್ತು.

ವೈರಿನ ಬೋರ್ಡನ್ನು ಕಿಟಕಿಯಿಂದ ಹಿಂದಿನ ಕೋಣೆಯ ಒಳಗೆ ಹಾಕಿ ಓಡಿದೆ. ಸುಮಿತ್ರಾ ಎಲ್ಲೂ ಕಾಣಲಿಲ್ಲ. ಪರವಾಗಿಲ್ಲ, ಬಂದು ನೋಡಿ ಖುಷಿಪಡಲಿ ಎಂದುಕೊಂಡೆ. ಮುಚ್ಚಳ ತೆಗೆಯಬಾರದು ಎಂಬ ಅಪ್ಪಣೆ ಇತ್ತು, ತೆಗೆಯಲಿಲ್ಲ. ಪೆಟ್ಟಿಗೆಯ ಪ್ಲಗ್ಗನ್ನು ಬೋರ್ಡಿಗೆ ಚುಚ್ಚಿದೆ. ನನ್ನ ಹಿಂದೆಯೇ ಬಂದ ಪುಟ್ಟತಾಯಮ್ಮ, ಮೊದಲು ಬಂದವರು ನಾವೇ ಎಂದು ಹೇಳಿಕೊಳ್ಳುತ್ತ ಮಿಕ್ಸಿಗೆ ಅಕ್ಕಿ ಸುರಿದು, ಅದನ್ನು ಪಕ್ಕದಲ್ಲೇ ಚುಚ್ಚಿದರು. ನಾನು ಸ್ವಿಚ್ ಹಾಕಿದೆ.

ಪೆಟ್ಟಿಗೆಯ ಒಳಗೆ ಬೆಳಕು ಬಂತು. ನಾನು ನೋಡಿದ ಅತಿ ಸುಂದರವಾದ ಬೆಳಕುಗಳಲ್ಲಿ ಅದೂ ಒಂದು. ಬಿಳಿಯ ಥರ್ಮೋಕೋಲ್ ಗೋಡೆಗಳೆಲ್ಲ ಒಳಗಿನಿಂದ ಹೊಳೆದು, ಕೋಣೆಗೆ ಬೆಳಗಾದಂತಾಯಿತು. ಕ್ಯಾಮರಾ ಇದ್ದಿದ್ದರೆ ಎಂದು ನಾನು ಅಂದುಕೊಳ್ಳುತ್ತಿರುವಾಗಲೇ ಬಲ್ಬು ಟಪ್ಪೆಂದು ಸಿಡಿಯಿತು. ಅದೇ ಗಳಿಗೆಗೆ ಪುಟ್ಟತಾಯಮ್ಮನ ಮಿಕ್ಸಿ ಕಿರುಚಿತು. ಅದು ಮಿಕ್ಸಿಯ ಸದ್ದಲ್ಲ, ಮೇಲಕ್ಕೆ ಹಾರಲು ಹೊರಟ ಯಾವುದೋ ವಾಹನದ ಸದ್ದು. ಮುಚ್ಚಳ ಹಾರಿತು. ದೋಸೆ ಹಿಟ್ಟು ಗೋಡೆಗೆ, ಕಿಟಕಿಗೆ, ಪುಟ್ಟತಾಯಮ್ಮನ ಸೆರಗಿಗೆ, ನನ್ನ ಕನ್ನಡಕಕ್ಕೆ ಸಮನಾಗಿ ಹಂಚಿಹೋಯಿತು.

"ಆಫ್ ಮಾಡಿ ಭಾಯ್" ಎಂದು ಕೂಗಿದೆ. ಇಂಜಿನ್ ನಿಂತಿತು. ಕನ್ನಡಕ ಒರೆಸಿಕೊಂಡು ನೋಡಿದೆ. ಕಾವು ತೋರಿಸುವ ಡಬ್ಬಿಯಿಂದ ಊದುಬತ್ತಿಯ ಹಾಗೆ ತೆಳ್ಳನೆಯ ಹೊಗೆ ಏಳುತ್ತಿತ್ತು.

ಊರವರ ಮೊಟ್ಟೆಗಳು. ಬೀದಿಯ ಅರ್ಧ ಹೆಂಗಸರು ಹಿತ್ತಿಲಿನಲ್ಲೇ ಕೂತಿದ್ದರು. ಅಪ್ಪಣೆ ಮೀರಿ ಮುಚ್ಚಳ ತೆಗೆದೆ.

ಒಳಗೆ ಒಂದೂ ಮೊಟ್ಟೆ ಇರಲಿಲ್ಲ.

ಸುಟ್ಟುಹೋಗಿದ್ದರೆ ಸಿಪ್ಪೆಯಾದರೂ ಇರಬೇಕಲ್ಲ ಎಂದು ತಳ ತಡವಿದೆ. ಆಗಿನ ನನ್ನ ಮನಸ್ಥಿತಿಯಲ್ಲಿ ಅವು ಹೊಗೆಯಾಗಿ ಹೋದವು ಎಂದು ಯಾರಾದರೂ ಹೇಳಿದ್ದರೂ ನಂಬುತ್ತಿದ್ದೆ.

"ಮೊಟ್ಟೆ ಎಲ್ಲಿ?" ಎಂದೆ.

ಪುಟ್ಟತಾಯಮ್ಮ ಸೆರಗಿನ ಹಿಟ್ಟು ಬಳಿಯುತ್ತ, "ಅಯ್ಯೋ, ಸುಮಿತ್ರವ್ವ ಆಗ್ಲೇ ಎತ್ಕೊಂಡೋದ್ಳಲ್ಲಪ್ಪ" ಎಂದರು. "ಶಬಾನಾ ಮನೆಗೆ. ಅವಳ ಮನೇಲಿ ಎಲ್ಡು ಕೋಳಿ ಕಾವಿಗೆ ಕೂತವೆ. ನಾನೂ ಒಂದು ಪುಟ್ಟಿ ಕೊಟ್ಟೆ."

"ನಿಮಗೆ ಗೊತ್ತಿತ್ತಾ?"

"ಎಲ್ರಿಗೂ ಗೊತ್ತು."

"ನನಗೆ ಯಾರೂ ಹೇಳ್ಲಿಲ್ಲ?"

"ನೀನು ಅಷ್ಟು ಕಷ್ಟ ಬೀಳ್ತಿದ್ದೆ. ಯಾಕೆ ಬೇಜಾರು ಮಾಡೋದು ಅಂತ."

ಬಾಗಿಲಲ್ಲಿ ರಜಾಕ್ ಭಾಯ್ ನಿಂತಿದ್ದರು. ಶಬಾನಾ ಅವರ ಹೆಂಡತಿ. ಡ್ರಿಲ್ ತರಲು ಮನೆಗೆ ಹೋದಾಗ ತಡವಾದದ್ದು ಯಾಕೆ ಎಂದು ನನಗೆ ಆಗ ಹೊಳೆಯಿತು.

"ನೀವೂ ನೋಡಿದ್ರಾ ಭಾಯ್?"

ಅವರು ನೆಲ ನೋಡಿದರು. "ನೋಡ್ದೆ ಅಣ್ಣ. ಆದ್ರೆ ಅಷ್ಟೊತ್ತಿಗೆ ನನಗೂ ಕುತೂಹಲ ಆಗ್ಬುಟ್ಟಿತ್ತು. ಡ್ರಿಲ್ಲು ತಿರುಗಿಸಿದ್ರೆ ಕರೆಂಟು ಬತ್ತದಾ ಇಲ್ವಾ ಅಂತ."

ಅವರನ್ನು ಬೈಯಲು ನನ್ನಲ್ಲಿ ಶಕ್ತಿ ಇರಲಿಲ್ಲ. ನನ್ನ ಎರಡು ಭುಜಗಳೂ ಹಗ್ಗಕ್ಕೆ ಹೋಗಿದ್ದವು.

ಅವರ ಮನೆಗೆ ಹೋದೆ. ಅಡುಗೆಮನೆಯಲ್ಲಿ ಸೌದೆ ಒಲೆಯ ಮುಂದೆ ಸುಮಿತ್ರಾ ಮತ್ತು ಶಬಾನಾ ಕೂತಿದ್ದರು. ಮೂಲೆಯಲ್ಲಿ ಎರಡು ಕೋಳಿಗಳು ರೆಕ್ಕೆ ಅಗಲ ಮಾಡಿ, ತಮಗೆ ಸೇರದ ಮೊಟ್ಟೆಗಳ ಮೇಲೂ ಗಂಭೀರವಾಗಿ ಕೂತಿದ್ದವು. ಅವುಗಳ ಅಡಿಗೆ ಹಿಡಿಸದ ಮೊಟ್ಟೆಗಳನ್ನು ಹಳೆಯ ಥರ್ಮೋಕೋಲ್ ಡಬ್ಬಿಯಲ್ಲಿ ಬಟ್ಟೆ ಹಾಸಿ ಇಟ್ಟು, ಸುತ್ತ ಬಿಸಿನೀರಿನ ಬಾಟಲಿಗಳನ್ನು ಜೋಡಿಸಿದ್ದರು. ಸುಮಿತ್ರಾ ಒಂದು ಬಾಟಲಿಯನ್ನು ಕೆನ್ನೆಗೆ ಒತ್ತಿ ಬಿಸಿ ನೋಡುತ್ತಿದ್ದಳು.

"ಯಾವಾಗ ತಂದೆ?" ಎಂದೆ.

"ನೀವು ಸ್ಕ್ರೂಡ್ರೈವರ್ ಕೇಳಿದ್ರಲ್ಲ, ಆಗ."

ಶಬಾನಾ ಮುಖ ತಿರುಗಿಸಿ ಒಲೆ ಊದಿದರು. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು.

"ಒಂದು ಮಾತು ಹೇಳಬಹುದಿತ್ತು" ಎಂದೆ.

"ಹೇಳಿದ್ರೆ ನಿಮಗೆ ಬೇಜಾರಾಗ್ತಿತ್ತು." ಅವಳು ಬಾಟಲಿಯನ್ನು ಡಬ್ಬಿಗೆ ಇಟ್ಟಳು. "ಏನಾಯ್ತು? ಕರೆಂಟು ಬಂತಾ?"

"ಬಂತು."

ಅವಳ ಮುಖ ನಿಜವಾಗಿಯೂ ಅರಳಿತು. ಅದನ್ನು ನೋಡಿ ನನಗೆ ಇನ್ನೂ ಸಂಕಟವಾಯಿತು. "ಮತ್ತೆ ಇವನ್ನೆಲ್ಲ ವಾಪಸು ಪೆಟ್ಗೆಗೆ ಇಡನಾ?"

"ಪೆಟ್ಟಿಗೆ ಸುಟ್ಟೋಯ್ತು."

ಸಂಘದ ಹತ್ತು ಮನೆ ಸುತ್ತಿ, ಎಲ್ಲರನ್ನೂ ಒಪ್ಪಿಸಿ ತಂದ ಪೆಟ್ಟಿಗೆ ಅದು. ಅದರ ಮೇಲೆ ಕೈಯಿಟ್ಟು ಕಾವು ನೋಡದೆ ಅವಳು ಮಲಗಲು ಹೋಗುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ನನ್ನ ಕೂದಲಿಗೆ ಮೆತ್ತಿದ್ದ ಹಿಟ್ಟನ್ನು ನೋಡಿದಳು, ಹೆಗಲ ಟವೆಲ್ಲಿಗೆ ಆದ ಗತಿಯನ್ನು ನೋಡಿದಳು.

"ಖಾಲಿ ಪೆಟ್ಗೆಗೆ ಕರೆಂಟು ಕೊಟ್ರಾ?" ಎಂದಳು ಕೊನೆಗೆ.

"ಮುಚ್ಚಳ ತೆಗೀಬೇಡಿ ಅಂದಿದ್ದೆ ನೀನು."

ಇಡೀ ದಿನದಲ್ಲಿ ನಾನು ಗೆದ್ದ ಮಾತು ಅದೊಂದೇ. ಗೆದ್ದ ಮೇಲೆ ನನಗೂ ನಗು ಬರಲಿಲ್ಲ.

ಅಷ್ಟರಲ್ಲಿ ತಲೆಯ ಮೇಲೆ ಏನೋ ಟಕ್ಕೆಂದಿತು. ರಜಾಕ್ ಭಾಯ್ ಮನೆಯ ಫ್ಯಾನ್ ಮೆಲ್ಲಗೆ ತಿರುಗತೊಡಗಿತು. ಬೀದಿಯ ಉದ್ದಕ್ಕೂ ಜನ ಹೋ ಎಂದರು. ಸಂಜೆಗೆ ಎಂದಿದ್ದ ಲೈನ್‌ಮನ್ ಮಧ್ಯಾಹ್ನದ ಊಟಕ್ಕೆ ಮೊದಲೇ ಕರೆಂಟು ಕೊಟ್ಟಿದ್ದ. ಎಲ್ಲರ ಮನೆಗೂ ಕರೆಂಟು ಬಂದಿತ್ತು, ನಮ್ಮ ಮನೆಗೂ ಬಂದಿತ್ತು. ಅದನ್ನು ಕುಡಿಯಲು ಪೆಟ್ಟಿಗೆ ಮಾತ್ರ ಇರಲಿಲ್ಲ.

ನಾನು ಫ್ಯಾನ್ ನೋಡುತ್ತ ನಿಂತೆ. ಸುಮಿತ್ರಾ ನನ್ನ ಕೈಗೆ ಒಂದು ಖಾಲಿ ಬಾಟಲಿ ಕೊಟ್ಟಳು. "ಬಿಸಿನೀರು ತುಂಬಕ್ಕೆ ಬತ್ತದೆ ತಾನೆ?" ಎಂದಳು. ಬರುತ್ತದೆ ಎಂದೆ. ಆ ದಿನ ಉಳಿದ ಹೊತ್ತೆಲ್ಲ ಅದನ್ನೇ ಮಾಡಿದೆ. ಒಂದು ಬಾಟಲಿಗೆ ಕುದಿಯುವ ನೀರು ಹಾಕಿ ಅದನ್ನು ಸೊಟ್ಟಗೆ ಮಾಡಿದ್ದು ಬಿಟ್ಟರೆ ಬೇರೆ ನಷ್ಟವಿಲ್ಲ.

ಮಾರನೆಯ ಬೆಳಿಗ್ಗೆ ಡಬ್ಬಿಯಲ್ಲಿ ಒಂದು ಮೊಟ್ಟೆ ಅಲುಗಿತು. 'ಪು' ಎಂಬ ಅಕ್ಷರದ ಪಕ್ಕದಲ್ಲೇ ಸಿಪ್ಪೆ ಬಿರಿದು, ಸಣ್ಣ ಕೊಕ್ಕೊಂದು ಹೊರಗೆ ಬಂತು. ಪುಟ್ಟತಾಯಮ್ಮನಿಗೆ ಹೇಳಿ ಕಳಿಸಿದೆವು. ಅವರು ಹಿಟ್ಟಿನ ವಿಷಯ ಮರೆತು ಕುಕ್ಕರುಗಾಲಿನಲ್ಲಿ ಕೂತು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆಯ ತುಂಬ ಚಿಂವ್ ಚಿಂವ್. ಒಂದೆರಡು ಮೊಟ್ಟೆ ಒಡೆಯಲಿಲ್ಲ, ಅವು ಪೆಟ್ಟಿಗೆಯಲ್ಲಿದ್ದರೂ ಒಡೆಯುತ್ತಿರಲಿಲ್ಲ ಎಂದು ಸುಮಿತ್ರಾ ಹೇಳಿದಳು. ನನಗಾಗಿ ಹೇಳಿದಳು ಎಂದು ಕಾಣುತ್ತದೆ. ಹಸಿ ಮೈ ಒಣಗಿಸಿಕೊಂಡು ತೂರಾಡುತ್ತಿದ್ದ ಒಂದು ಮರಿಯನ್ನು ಅಂಗೈಯಲ್ಲಿ ಎತ್ತಿ ನನ್ನ ಕೈಗೆ ದಾಟಿಸಿದಳು. ಅದು ನನ್ನ ಹೆಬ್ಬೆರಳನ್ನು ಒಮ್ಮೆ ಕುಟುಕಿ ನಿದ್ದೆ ಹೋಯಿತು. ಜನರೇಟರಿನ ಹಗ್ಗದಿಂದ ಬೊಬ್ಬೆ ಎದ್ದ ಜಾಗಕ್ಕೇ ಕುಟುಕಿತು.

ಪೆಟ್ಟಿಗೆ ರಿಪೇರಿಯಾಗಿ ಮೈಸೂರಿನಿಂದ ಬರಲು ಬಹಳ ದಿನ ಹಿಡಿಯಿತು. ಸಂಘದ ಹೆಂಗಸರು ನನಗೆ ಏನೂ ಅನ್ನಲಿಲ್ಲ. ಸಭೆಯಲ್ಲಿ ಒಂದು ಮಾತು ತೀರ್ಮಾನವಾಯಿತಂತೆ, ಅದನ್ನು ಸುಮಿತ್ರಾ ನನಗೆ ಕಾಫಿ ಕೊಡುವಾಗ ಮೆತ್ತಗೆ ತಿಳಿಸಿದಳು. ಪೆಟ್ಟಿಗೆ ನಮ್ಮ ಮನೆಯಲ್ಲೇ ಇರಬಹುದು. ಆದರೆ ಕರೆಂಟು ಇಲ್ಲದ ಹೊತ್ತಿನಲ್ಲಿ ನಾನು ಅದರ ಜೊತೆ ಒಂದೇ ಮನೆಯಲ್ಲಿ ಇರಬಾರದು.

ನ್ಯಾಯವಾದ ಮಾತು, ಒಪ್ಪಿಕೊಂಡೆ. ಈಗ ಗಾಳಿ ಎದ್ದು ಕರೆಂಟು ಹೋದರೆ ಬೀದಿಯವರೆಲ್ಲ ಮೇಣದಬತ್ತಿ ಹುಡುಕುತ್ತಾರೆ. ನಾನು ಚಪ್ಪಲಿ ಹುಡುಕುತ್ತೇನೆ.